ಎಸ್ಸೆಸ್ಸೆಲ್ಸಿ ಆಯ್ತು, ಮುಂದೆ ಡಿಪ್ಲೊಮಾನೋ ಪಿಯುಸಿನೋ?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಪ್ರತಿಭಾ ಪುರಸ್ಕಾರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದ ರೈತ. ವಿದ್ಯೆಯ ಬಗ್ಗೆ ದೊಡ್ಡ ಮಾತಾಡುವ ಯೋಗ್ಯತೆ ನನಗಿಲ್ಲ. ಆದರೆ ಸಾಲದ ಅರ್ಜಿ ನೋಡುವ ನಿರ್ದೇಶಕನಾಗಿ ಒಂದು ವಿಷಯ ಹೇಳಲೇಬೇಕು. ಬಿತ್ತನೆಗೆಂದು ತೆಗೆದ ಬೆಳೆಸಾಲ ಎಷ್ಟೋ ಸಲ ಪೇಟೆಯ ಕಾಲೇಜಿನ ಫೀಸಿಗೆ ಹೋಗುತ್ತದೆ. ವಾಯಿದೆಯೊಳಗೆ ಕಟ್ಟಿದರೆ ಬಡ್ಡಿಯಿಲ್ಲ ಸರಿ, ವಾಯಿದೆ ಮೀರಿತೋ ಬಡ್ಡಿ ಬೀಳುತ್ತದೆ. ಅತ್ತ ಗೊಬ್ಬರಕ್ಕೂ ದುಡ್ಡಿಲ್ಲ. ಮಗ ಇಂಜಿನಿಯರ್ ಆಗಲಿ ಅನ್ನುವ ಆಸೆ ತಪ್ಪಲ್ಲ. ಅಲ್ಲಿಗೆ ಇನ್ನೊಂದು ದಾರಿಯೂ ಇದೆ ಅನ್ನೋದು ಬಹಳ ಮನೆಗಳಿಗೆ ಗೊತ್ತಿಲ್ಲ.

ಬೆರಳು ಮಡಚಿ ಲೆಕ್ಕ ಹಾಕಿ. ಪಿಯುಸಿ 2 ವರ್ಷ, ಬಿ.ಇ. 4 ವರ್ಷ, ಒಟ್ಟು 6. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ 3 ವರ್ಷ. ಆಮೇಲೆ ಡಿಸಿಇಟಿ ಬರೆದು ಸೀಟು ಸಿಕ್ಕರೆ ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು, ಅಲ್ಲಿ 3 ವರ್ಷ. ಅದೂ 6. ಸಿಗುವ ಪದವಿ ಒಂದೇ. ವ್ಯತ್ಯಾಸ ಇರೋದು ನಡುವೆ. ಮೂರು ವರ್ಷ ಆದಾಗ ಮಳೆ ಕೈಕೊಟ್ಟಿತು, ಮನೆ ಯಜಮಾನ ಹಾಸಿಗೆ ಹಿಡಿದ ಅನ್ನಿ. ಡಿಪ್ಲೊಮಾ ಮುಗಿಸಿದ ಹುಡುಗ ಕೆಲಸಕ್ಕೆ ಅರ್ಜಿ ಹಾಕಬಹುದು. ಸರ್ಕಾರದ ಜೂನಿಯರ್ ಇಂಜಿನಿಯರ್ ಹುದ್ದೆಗಳಿಗೂ ಡಿಪ್ಲೊಮಾನೇ ಕೇಳುತ್ತಾರೆ. ಬಿ.ಇ. ಮೊದಲ ವರ್ಷಕ್ಕೆ ಬಿಟ್ಟುಬಂದವನ ಕೈಯಲ್ಲಿರೋದು ಬರೀ ಪಿಯುಸಿ ಕಾಗದ.

ಡಿಪ್ಲೊಮಾ ಅಂದರೆ ದಡ್ಡರಿಗೆ ಅಂತ ಮೂಗು ಮುರಿಯುವವರಿದ್ದಾರೆ. 1917ರಲ್ಲಿ ಬೆಂಗಳೂರಿಗೆ ಇಂಜಿನಿಯರಿಂಗ್ ಕಾಲೇಜು ತಂದ ವಿಶ್ವೇಶ್ವರಯ್ಯನವರೇ 1943ರಲ್ಲಿ ಇಂದಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿಗೂ ಕಾರಣರಾದರು. ಅವರಿಗೆ ಕಾಣದ ಮೇಲು ಕೀಳು ನಮಗೆಲ್ಲಿಂದ ಬಂತೋ!

ಹಾಗಂತ ಎಲ್ಲರನ್ನೂ ಪಾಲಿಟೆಕ್ನಿಕ್ಕಿಗೇ ತಳ್ಳಿ ಅಂತ ನಾನು ಹೇಳ್ತಿಲ್ಲ. ಡಾಕ್ಟರ್ ಆಗಬೇಕು ಅನ್ನುವ ಮಗುವಿಗೆ ಪಿಯುಸಿ ಸೈನ್ಸೇ ಬೇಕು, ಡಿಪ್ಲೊಮಾದಿಂದ ಆ ಬಾಗಿಲು ತೆರೆಯಲ್ಲ. ಎರಡನೇ ವರ್ಷಕ್ಕೆ ಸೇರುವವರಿಗೆ ಬಿ.ಇ. ಗಣಿತ ಹೊರೆಯಾಗುತ್ತದೆ, ಹೆಚ್ಚಿನ ಗಣಿತ ಓದಿ ಪಾಸು ಮಾಡಬೇಕು. ಕನ್ನಡ ಮೀಡಿಯಂ ಮಕ್ಕಳಿಗೆ ಇಂಗ್ಲಿಷ್ ಪುಸ್ತಕ ಎರಡೂ ಕಡೆ ಕಾಟ ಕೊಡುತ್ತದೆ, ಮೊದಲ ಆರು ತಿಂಗಳು ಗಟ್ಟಿಯಾಗಿ ಕೂರಬೇಕು. ಡಿಸಿಇಟಿ ಬರೆದವರಿಗೆಲ್ಲ ಬೇಕಾದ ಕಾಲೇಜೇ ಸಿಗುತ್ತದೆ ಅಂತಲೂ ಇಲ್ಲ. ಆದರೆ ಮಗುವಿಗೆ ಮೋಟಾರು, ಪಂಪ್‌ಸೆಟ್ಟು ಬಿಚ್ಚಿ ಜೋಡಿಸೋದರಲ್ಲಿ ಆಸಕ್ತಿ ಇದ್ದು, ಮನೆಯಲ್ಲಿ ಆರು ವರ್ಷದ ದುಡ್ಡು ಖಾತ್ರಿ ಇಲ್ಲದಿದ್ದರೆ, ನನ್ನ ಮತ ಡಿಪ್ಲೊಮಾಕ್ಕೆ. ಹೆಣ್ಣುಮಕ್ಕಳಿಗೂ ಇದೇ ಮಾತು. ಅವರಿಗೆಂದೇ ಸರ್ಕಾರಿ ಮಹಿಳಾ ಪಾಲಿಟೆಕ್ನಿಕ್‌ಗಳಿವೆ.

ಮೊದಲು ಸರ್ಕಾರಿ ಪಾಲಿಟೆಕ್ನಿಕ್‌ಗೆ ಅರ್ಜಿ ಹಾಕಿ, ಖಾಸಗಿ ಆಮೇಲೆ. ಜಾತಿ-ಆದಾಯ ಪತ್ರ ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ. ಗ್ರಾಮೀಣ ವ್ಯಾಸಂಗ ಪತ್ರಕ್ಕೆ ಹೆಡ್‌ಮಾಸ್ಟರ ಸಹಿಯಷ್ಟೇ ಸಾಲದು, ಬಿಇಒ ಮೇಲುರುಜು ಬೇಕು, ಅದಕ್ಕೆ ಎರಡು ಸಲ ತಾಲ್ಲೂಕಿಗೆ ಓಡಾಡಬೇಕಾಗಬಹುದು. ಅರ್ಜಿ ತುಂಬಲು ಗೊತ್ತಾಗದಿದ್ದರೆ ಸಂಜೆ ಸಂಘದ ಆಫೀಸಿಗೆ ಬನ್ನಿ, ಕೂತು ನೋಡೋಣ.