ಹಳೆಯ ಬೈಕಿನ ಹಬ್: ಹೊಳಪೋ, ಮೂಲರೂಪವೋ?



ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಆದರೆ ಅಲ್ಲಿ ತಯಾರಾದ ಜಾವಾ, ಯೆಜ್ದಿ ಬೈಕುಗಳ ಸದ್ದು ಇನ್ನೂ ಅಡಗಿಲ್ಲ. ಕೊಟ್ಟಿಗೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಗಾಡಿಯನ್ನು ಹೊರಗೆಳೆದು, ನಟ್ಟು ಬೋಲ್ಟು ಬಿಚ್ಚಿ, ಮತ್ತೆ ರಸ್ತೆಗಿಳಿಸುವ ಹವ್ಯಾಸಿಗಳು ಹಲವರಿದ್ದಾರೆ. ಟ್ಯಾಂಕಿನ ಬಣ್ಣ ಸರಿಹೊಂದಿಸಲು ಅವರು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದುಂಟು. ಗಾಲಿಯ ಹಬ್ ಮಾತ್ರ ನೇರವಾಗಿ ಬಫಿಂಗ್ ಅಂಗಡಿಗೆ ಹೋಗುತ್ತದೆ.

ಗಾಲಿಯ ನಡುವೆ ಅಚ್ಚನ್ನು ಸುತ್ತಿಕೊಂಡು, ಕಡ್ಡಿಗಳೆಲ್ಲವನ್ನೂ ಹಿಡಿದಿಡುವ ಭಾಗವೇ ಹಬ್. ಹಲವು ಹಳೆಯ ಬೈಕುಗಳಲ್ಲಿ ಇದು ಅಲ್ಯೂಮಿನಿಯಂ ಎರಕ. ಅಚ್ಚಿನಿಂದ ಬಂದ ಎರಕದ ಮೈ ತುಸು ಒರಟು, ಬೂದು ಬಣ್ಣ. ಲೇತ್ ಯಂತ್ರದಲ್ಲಿ ಕಡೆದ ಜಾಗದಲ್ಲಿ ಕೂದಲೆಳೆಯಂಥ ವೃತ್ತಗಳು ಕಾಣುತ್ತವೆ. ಒಂದೇ ಹಬ್‌ನಲ್ಲಿ ಒಂದು ಕಡೆ ಮಬ್ಬು, ಇನ್ನೊಂದು ಕಡೆ ಮಿರುಗು ಇರಬಹುದು. ಕೆಲವು ತಯಾರಕರು ಹಬ್‌ಗೆ ಬಣ್ಣವನ್ನೇ ಬಳಿಯುತ್ತಿದ್ದರು. ಬಫಿಂಗ್ ಚಕ್ರ ಈ ವ್ಯತ್ಯಾಸಗಳನ್ನೆಲ್ಲ ಉಜ್ಜಿ ಒಂದು ಮಾಡುತ್ತದೆ. ಅಂಚುಗಳು ಸವೆಯುತ್ತವೆ, ಎರಕದ ಗುರುತುಗಳು ಅಳಿಯುತ್ತವೆ. ಹೋದ ಲೋಹ ಮರಳಿ ಬಾರದು.

ಹೊಳಪಿಗೂ ಇತಿಹಾಸವಿದೆ. ಕ್ರೋಮಿಯಂ ಲೇಪ ವಾಹನಗಳಲ್ಲಿ ಬಳಕೆಗೆ ಬಂದದ್ದು 1920ರ ದಶಕದ ಉತ್ತರಾರ್ಧದಲ್ಲಿ. ಅದಕ್ಕೂ ಮುಂಚೆ ನಿಕಲ್ ಲೇಪವೇ ರೂಢಿ. ನಿಕಲ್‌ನದು ತುಸು ಹಳದಿ ಛಾಯೆ, ಕ್ರೋಮಿಯಂನದು ನೀಲಿ ಛಾಯೆ. 1922ರ ಬೈಕಿಗೆ ಕ್ರೋಮಿಯಂ ಹೊದಿಸಿದರೆ ಅದು ಚೆಂದ ಕಂಡೀತು. ಆದರೆ 1922ರ ಬೈಕಾಗಿ ಉಳಿಯದು.

ಹಾಗಾದರೆ ಮೂಲರೂಪ ತಿಳಿಯುವುದು ಹೇಗೆ? ಉತ್ತರ ಹಬ್‌ನಲ್ಲೇ ಇದೆ. ಬ್ರೇಕ್ ಪ್ಲೇಟಿನ ಮರೆ, ಚೈನ್ ಸ್ಪ್ರಾಕೆಟ್‌ನ ಹಿಂಬದಿ, ಕಡ್ಡಿಯ ತಲೆಗಳ ಕೆಳಗೆ, ಗಟ್ಟಿಯಾದ ಗ್ರೀಸಿನ ಅಡಿ: ಗಾಳಿ, ಬಿಸಿಲು, ಉಜ್ಜುವ ಕೈ ತಲುಪದ ಇಂಥ ಕಡೆ ಕಾರ್ಖಾನೆಯ ಮೆರುಗು ಉಳಿದಿರುತ್ತದೆ. ಆದ್ದರಿಂದ ತೊಳೆಯುವ ಮೊದಲೇ ಫೋಟೋ ತೆಗೆಯಬೇಕು. ಕಡ್ಡಿ ಬಿಚ್ಚುವ ಮೊದಲು ಅವುಗಳ ಹೆಣಿಗೆಯನ್ನೂ ಗುರುತಿಸಿಕೊಳ್ಳಬೇಕು.

ಶುಚಿ ಮಾಡಲು ಸೀಮೆಎಣ್ಣೆ, ಮೆತ್ತನೆಯ ಬ್ರಷ್ ಸಾಕು. ಕಾಸ್ಟಿಕ್ ಸೋಡ ಬೇಡ. ಅದು ಅಲ್ಯೂಮಿನಿಯಮ್ಮನ್ನೇ ಕರಗಿಸುತ್ತದೆ. ಒಣ ಮರಳನ್ನು ರಭಸದಿಂದ ಹಾಯಿಸಿದರೆ ಮೆದು ಲೋಹದ ತುಂಬ ಗುಳಿ ಬೀಳುತ್ತದೆ. ನೀರಿನೊಡನೆ ಸಣ್ಣ ಗಾಜಿನ ಮಣಿಗಳನ್ನು ಹಾಯಿಸುವ ವಿಧಾನ ಮೃದುವಾದದ್ದು. ಅದರಿಂದ ಎರಕದ ಮೈಗೆ ಹತ್ತಿರವಾದ ಮಬ್ಬು ಬೆಳ್ಳಿ ಬಣ್ಣ ಬರುತ್ತದೆ. ಆದರೆ ಕಡೆದ ಗೆರೆಗಳು ಹೀಗೆ ಬಾರವು. ಅವು ಸವೆದಿದ್ದರೆ ಹಬ್ಬನ್ನು ಲೇತ್‌ಗೆ ಕಟ್ಟಿ ತೆಳುವಾಗಿ ಎಳೆಯಬೇಕು. ಯಾವ ದಾರಿ ಹಿಡಿದರೂ ಬೇರಿಂಗ್ ಕೂರುವ ಜಾಗ ಮತ್ತು ಬ್ರೇಕ್ ಶೂ ಒತ್ತುವ ಮೈಯನ್ನು ಮುಚ್ಚಿಯೇ ಕೆಲಸ ಮಾಡಬೇಕು. ಇದು ಬರೀ ಅಂದದ ಮಾತಲ್ಲ, ಸವಾರನ ಜೀವದ ಪ್ರಶ್ನೆ.

ಕನ್ನಡಿಯಂಥ ಹಬ್ ಬೇಕೆನ್ನುವುದು ಮಾಲೀಕರ ಹಕ್ಕು. ಆದರೆ ಬಿಡಿಭಾಗ ತಯಾರಿಸಿದ ಕಾರ್ಮಿಕರ ಕೈಗುರುತು ಕಾಗದಪತ್ರಗಳಲ್ಲಿ ಸಿಗುವುದು ಅಪರೂಪ. ಅದು ಉಳಿದಿರುವುದು ಲೋಹದ ಮೇಲೆ. ಉಜ್ಜಲೇಬೇಕೆಂದರೂ ಬ್ರೇಕ್ ಪ್ಲೇಟಿನ ಮರೆಯಲ್ಲಿ ಒಂದಿಷ್ಟು ಜಾಗವನ್ನು ಮುಟ್ಟದೆ ಬಿಡಿ. ಮುಂದೆ ಆ ಬೈಕು ಬಿಚ್ಚುವವರಿಗೆ ಅದೇ ಸಾಕ್ಷಿ.