ಸೊಪ್ಪಿನ ಹೊರೆಯ ಲೆಕ್ಕ



ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಎಣಿಸುವುದು ನನಗೆ ರೂಢಿ. ನಿವೃತ್ತನಾಗಿ ಕಾಸರಗೋಡಿನ ಕಡೆಯ ನಮ್ಮ ಅಡಿಕೆ ತೋಟಕ್ಕೆ ಬಂದ ಮೇಲೂ ಆ ಚಟ ಬಿಡಲಿಲ್ಲ. ದಿನಕ್ಕೆ ಎಷ್ಟು ಹೊರೆ ಸೊಪ್ಪು ಹಟ್ಟಿಗೆ ಬಂತು ಎಂದು ಡೈರಿಯಲ್ಲಿ ಬರೆದಿಡುತ್ತಿದ್ದೆ. ಹೊರೆ ಅಂದರೆ ಹೊರೆ, ಯಾವ ಮರದ್ದಾದರೇನು ಎಂಬುದು ನನ್ನ ಎಣಿಕೆ. ಆ ಧೈರ್ಯದಲ್ಲೇ ತೋಟದ ಮೇಲಿನ ಗುಡ್ಡೆಯ ಬೆರಕೆ ಕಾಡನ್ನು ಸವರಿಸಿ ಬರೀ ಗೇರು ಹಾಕಿಸಿದೆ. ಸೊಪ್ಪು ತರುತ್ತಿದ್ದ ಹೆಂಗಸು ಆಗಲೇ ಹೇಳಿದ್ದರು: “ಅಣ್ಣಾ, ಒಂದೇ ನಮೂನೆ ಎಲೆ ತೋಟಕ್ಕೆ ಸಾಲದು, ಬೆರಕೆ ಬೇಕು.” ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಗೇರು ಬೆಳೆದು ಅದರ ತರಗೆಲೆಯೇ ತೋಟಕ್ಕೆ ಗತಿಯಾಯಿತು. ಬರಬರುತ್ತಾ ಅಡಿಕೆಯ ಗರಿಗಳ ಹಸುರು ಮಾಸಿತು, ಗೊನೆ ಸಣ್ಣದಾಯಿತು. ತೋಟ ಸೊರಗಲು ಕಾರಣ ಹತ್ತಿರುತ್ತವೆ. ಎಲ್ಲವನ್ನೂ ಸೊಪ್ಪಿನ ತಲೆಗೆ ಕಟ್ಟಲಾರೆ. ಆದರೆ ಹೊರೆಯ ಒಳಗೆ ಏನಿದೆ ಎಂದು ನಾನು ವಿಚಾರಿಸಿದ್ದು ಆಗಲೇ.

ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜೊತೆಗೆ 12 ಕಿಲೋ ಹಸಿ ಸೊಪ್ಪು, 12 ಕಿಲೋ ಹಟ್ಟಿಗೊಬ್ಬರ ಎಂಬುದು ವಿಜ್ಞಾನಿಗಳ ಶಿಫಾರಸು. 12 ಕಿಲೋ ಹಸಿ ಸೊಪ್ಪು ಒಣಗಿದರೆ ಸುಮಾರು 3 ಕಿಲೋ. ಅದು ಗ್ಲಿರಿಸಿಡಿಯಾ ಆದರೆ, ಮಲಯಾಳದಲ್ಲಿ ಶೀಮಕೊನ್ನ ಎನ್ನುತ್ತೇವಲ್ಲ ಅದು, ಒಣ ತೂಕದ ನೂರಕ್ಕೆ ಸುಮಾರು 3 ಪಾಲು ಸಾರಜನಕ. ಅಂದರೆ 90 ಗ್ರಾಂ! ಉದುರಿದ ಗೇರಿನ ತರಗೆಲೆ ಅದೇ 3 ಕಿಲೋಗೆ 30 ಗ್ರಾಂ ಕೊಟ್ಟರೆ ದೊಡ್ಡದು. ನನ್ನ ಡೈರಿಯಲ್ಲಿ ಎರಡಕ್ಕೂ ಒಂದೇ ಗೆರೆ.

ಶೀಮಕೊನ್ನ, ಹೊಂಗೆಯಂಥವುಗಳ ಬೇರಿನ ಗಂಟಿನಲ್ಲಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಸೂಕ್ಷ್ಮಜೀವಿಗಳಿವೆ. ಇನ್ನೊಂದು ಸಂಗತಿ, ಮರ ಎಲೆ ಉದುರಿಸುವ ಮೊದಲು ಅದರೊಳಗಿನ ಸಾರಜನಕ, ರಂಜಕಗಳಲ್ಲಿ ಹೆಚ್ಚುಕಡಿಮೆ ಅರ್ಧವನ್ನು ವಾಪಸು ಎಳೆದುಕೊಳ್ಳುತ್ತದೆ. ಖಾತೆ ಮುಚ್ಚುವ ಮುನ್ನ ಹಣ ತೆಗೆದಂತೆ. ಸುಣ್ಣದ ಅಂಶವನ್ನು ಮಾತ್ರ ಹಾಗೆ ಎಳೆಯಲಾಗದು, ಹಣ್ಣೆಲೆಯಲ್ಲೇ ಉಳಿಯುತ್ತದೆ. ಗೋಳಿ, ಅತ್ತಿಯ ಎಲೆಗಳಲ್ಲಂತೂ ಸುಣ್ಣದ ಹರಳುಗಳೇ ಇರುತ್ತವೆ. ಪೊಟ್ಯಾಷ್ ಮಳೆಗೆ ತೊಳೆದುಹೋಗುವ ವಸ್ತು. ಆಟಿಯ ಮಳೆಯಲ್ಲಿ ಬಯಲಲ್ಲಿ ರಾಶಿ ಹಾಕಿದ ಸೊಪ್ಪಿನಲ್ಲಿ ಅದನ್ನು ಹುಡುಕಬೇಡಿ.

ನೆಲ ಒಂದೇ, ಮಳೆ ಒಂದೇ. ಆದರೂ ಒಂದೊಂದು ಗಿಡದ ಆಯ್ಕೆ ಒಂದೊಂದು. ನಮ್ಮ ನೆಕ್ಕರಿಕವನ್ನೇ ನೋಡಿ, ಮಲಯಾಳದ ಅತಿರಾಣಿ. ಚಿಕ್ಕಂದಿನಲ್ಲಿ ಅದರ ಹಣ್ಣು ತಿಂದು ಬಾಯಿ ಕಪ್ಪು ಮಾಡಿಕೊಂಡು ಬೈಸಿಕೊಳ್ಳದವರು ಯಾರು? ಮುರಕಲ್ಲಿನ ಹುಳಿ ಮಣ್ಣಿನಲ್ಲಿ ಬೇರೆ ಗಿಡಗಳ ಬೇರಿಗೆ ವಿಷವಾಗುವ ಅಲ್ಯುಮಿನಿಯಂ ಅನ್ನು ಅದು ಹೀರಿ ಎಲೆಯಲ್ಲಿ ತುಂಬಿಕೊಳ್ಳುತ್ತದೆ. ಒಂದು ಕಿಲೋ ಒಣ ಎಲೆಯಲ್ಲಿ 10 ಗ್ರಾಂ ದಾಟುವುದೂ ಉಂಟು. ಬಿದಿರಿಗೆ ಮರಳಿನ ಸತ್ವವಾದ ಸಿಲಿಕಾದ ಮೇಲೆ ಆಸೆ. ಗಂಧಿಗೆ ಅಂಗಡಿಯ ವಂಶಲೋಚನ ಅದರ ಗಂಟಿನೊಳಗೆ ಕಟ್ಟಿದ ಸಿಲಿಕಾವೇ. ಶಾಂತಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಕಾಡಿನಲ್ಲಿ ಒಂದು ಮರವಿದೆ. ಅದರ ಹಾಲು ಹಸುರು-ನೀಲಿ. ಒಣಗಿಸಿ ತೂಗಿದರೆ ಕಾಲು ಪಾಲು ನಿಕ್ಕಲ್ ಲೋಹವೆಂದು 1976ರಲ್ಲಿ ಸಂಶೋಧಕರು ಪ್ರಕಟಿಸಿದರು. ಅಂಥ ಸೊಪ್ಪು ನಮ್ಮ ಹಟ್ಟಿಗೆ ಬರುವುದಿಲ್ಲ, ಸದ್ಯ!

ಈಗ ಬೇಲಿಯುದ್ದಕ್ಕೂ ಶೀಮಕೊನ್ನ ಊರಿಸಿದ್ದೇನೆ. ಗೇರಿನ ನಡುವೆ ತಾವಾಗಿ ಹುಟ್ಟಿದ ಮರುವ, ಹೊಂಗೆ, ಅತ್ತಿಯ ಸಸಿಗಳಿಗೆ ಕತ್ತಿ ಹಾಕಬೇಡಿ ಎಂದಿದ್ದೇನೆ. ಡೈರಿಯಲ್ಲಿ ಹೊರೆಯ ಪಕ್ಕ ಮರದ ಹೆಸರನ್ನೂ ಬರೆಯುತ್ತೇನೆ. ಆ ಹೆಂಗಸಿಗೆ ಮೊಣಕಾಲು ನೋವು, ಈಗ ಗುಡ್ಡೆ ಹತ್ತಲಾರರು. ಗುರುತು ಸಿಗದ ಎಲೆಯಿದ್ದರೆ ನಾನೇ ಅವರ ಮನೆಗೆ ಒಯ್ದು ಹೆಸರು ಕೇಳಿಕೊಂಡು ಬರುತ್ತೇನೆ.