ಅಮ್ಮನ ಮಷೀನ್ ಮತ್ತೆ ತಿರುಗಿತು



ನಿಮ್ಮ ಮನೆಯ ಅಟ್ಟದ ಮೇಲೋ ಬಾಲ್ಕನಿಯ ಮೂಲೆಯಲ್ಲೋ ಹಳೆಯ ಕಪ್ಪು ಹೊಲಿಗೆ ಯಂತ್ರವೊಂದು ಕೂತಿದೆಯೇ? ಚಕ್ರ ಹಿಡಿದರೆ ಕದಲುವುದಿಲ್ಲವೇ? ಅದನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ನನ್ನ ಈ ನಾಲ್ಕು ಮಾತು ಕೇಳಿ.

ನಾನು ಧಾರವಾಡದಿಂದ ಪುಣೆಗೆ ಬಂದಾಗ ಅಮ್ಮ ತನ್ನ ಉಷಾ ಮಷೀನನ್ನು ನನ್ನ ಜೊತೆ ಕಳಿಸಿದಳು. ಅದರ ಮೇಲೆ ಊರವರ ರವಿಕೆ, ಲಂಗ ಹೊಲಿದೇ ಆಕೆ ನಮ್ಮ ಶಾಲೆಯ ಫೀ ಕಟ್ಟಿದ್ದು. ಕೆಲಸದ ಗಡಿಬಿಡಿಯಲ್ಲಿ ನಾನು ಅದನ್ನು ಮುಟ್ಟಲೇ ಇಲ್ಲ. ಮುಚ್ಚಿಡುವ ದಿನ ಮಾತ್ರ ಪ್ರೀತಿಯಿಂದ ಎಣ್ಣೆ ಹಾಕಿದೆ. ಕೈಗೆ ಸಿಕ್ಕಿದ್ದು ಕೊಬ್ಬರಿ ಎಣ್ಣೆ!

ತಪ್ಪಾದದ್ದು ಅಲ್ಲೇ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಅಡುಗೆ ಎಣ್ಣೆ ಯಾವುದೇ ಇರಲಿ, ವರ್ಷಗಳು ಕಳೆದಂತೆ ಧೂಳು, ನೂಲಿನ ಎಳೆ ಸೇರಿ ಅಂಟಾಗುತ್ತದೆ. ಒಂಬತ್ತು ವರ್ಷದ ಬಳಿಕ ಮುಚ್ಚಳ ತೆಗೆದರೆ ಚಕ್ರ ಕಲ್ಲಾಗಿತ್ತು. ಅಮ್ಮ ಮಾತ್ರ ಫೋನಿನಲ್ಲಿ ಪ್ರತಿ ಸಲ ಕೇಳುವಳು: "ಮಷೀನ್ ನಡೀತದೇನವಾ?" ನಾನು "ಹೂಂ" ಅನ್ನುತ್ತಿದ್ದೆ.

ಕಲ್ಕತ್ತೆಯ ಜಯ್ ಇಂಜಿನಿಯರಿಂಗ್ ವರ್ಕ್ಸ್ 1930ರ ದಶಕದಲ್ಲಿ ಉಷಾ ಯಂತ್ರಗಳನ್ನು ಮಾಡತೊಡಗಿತು. ಇಂಥ ಹಳೆಯ ಯಂತ್ರಗಳಲ್ಲಿ ಇರುವುದೆಲ್ಲ ಕಬ್ಬಿಣ, ಉಕ್ಕು. ಸುಟ್ಟುಹೋಗುವಂಥದ್ದು ಏನೂ ಇಲ್ಲ. ಹೀಗಾಗಿ ನಿಂತ ಯಂತ್ರ ಬಹುಪಾಲು ಕೆಟ್ಟಿರುವುದಿಲ್ಲ, ಅಂಟಿಕೊಂಡಿರುತ್ತದೆ. ಅಂಟು ಬಿಡಿಸಲು ಬೇಕಾದದ್ದು ತಾಳ್ಮೆ, ಬಲವಲ್ಲ.

ಮೊದಲು ಬೆಲ್ಟ್ ಕಳಚಿ. ಸೂಜಿ, ಬಾಬಿನ್ ಕೇಸ್, ಸೂಜಿಯ ಕೆಳಗಿನ ತಗಡು ತೆಗೆಯಿರಿ. ಶಟಲ್ ಸುತ್ತ ಟಾರ್ಚ್ ಬಿಟ್ಟು ನೋಡಿ. ಎಷ್ಟೋ ಸಲ ಅಲ್ಲಿ ಸಿಕ್ಕಿದ ತುಂಡು ದಾರವೇ ಇಡೀ ಯಂತ್ರವನ್ನು ಹಿಡಿದಿರುತ್ತದೆ. ಚಿಮಟದಿಂದ ಎಳೆದುಬಿಡಿ. ಚಕ್ರ ತಿರುಗಿಯೂ ಸೂಜಿ ಕದಲದಿದ್ದರೆ, ಚಕ್ರದ ನಡುವಿನ ದೊಡ್ಡ ತಿರುಪು ಸಡಿಲವಾಗಿದೆಯೇ ನೋಡಿ.

ಅಂಟೇ ಕಾರಣವಾದರೆ ಸೀಮೆಎಣ್ಣೆ ಬೇಕು. ಈಗ ನಗರದಲ್ಲಿ ಅದು ಸಿಗುವುದು ಕಷ್ಟ. ಪೇಂಟ್ ಅಂಗಡಿಯ ಟರ್ಪೆಂಟೈನ್ ಆದರೂ ಸರಿ. ಎಣ್ಣೆಯ ತೂತುಗಳಿಗೆ, ಲೋಹಕ್ಕೆ ಲೋಹ ಉಜ್ಜುವ ಕಡೆಗೆಲ್ಲ ಎರಡೆರಡು ಹನಿ ಬಿಟ್ಟು ಒಂದು ರಾತ್ರಿ ಹಾಗೇ ಇಡಿ. ಕಿಟಕಿ ತೆರೆದಿರಲಿ; ಒಲೆ, ದೀಪ, ಊದುಬತ್ತಿ ಹತ್ತಿರ ಬೇಡ. ಚಿನ್ನದ ಬಣ್ಣದ ಹೂಬಳ್ಳಿಗೆ ಇದು ತಾಗದಿರಲಿ. ಸ್ಪಿರಿಟ್ ಅಂತೂ ಬೇಡವೇ ಬೇಡ, ಹಳೆಯ ಮೆರುಗೆಣ್ಣೆ ಕರಗಿಹೋದೀತು.

ಬೆಳಿಗ್ಗೆ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಕೂದಲೆಳೆಯಷ್ಟು ಅಲುಗಿದರೂ ಗೆದ್ದಂತೆ. ಸುತ್ತಿಗೆ ಮಾತ್ರ ಎತ್ತಬೇಡಿ. ಬೀಡುಕಬ್ಬಿಣ ಬಾಗುವುದಿಲ್ಲ, ಒಡೆಯುತ್ತದೆ. ಇನ್ನೂ ಬಿಡದಿದ್ದರೆ ಟರ್ಪೆಂಟೈನ್ ಪೂರ್ತಿ ಆರಿ ವಾಸನೆ ಹೋದ ಮೇಲೆ, ಕೂದಲು ಒಣಗಿಸುವ ಡ್ರೈಯರ್ ಹಿಡಿಯಿರಿ. ಬಿಸಿಗೆ ಅಂಟು ಮೆತ್ತಗಾಗುತ್ತದೆ. ಆಗ ಮಷೀನ್ ಎಣ್ಣೆ ಬಿಟ್ಟು ಮತ್ತೆ ಆಡಿಸಿ.

ಚಕ್ರ ಬಿಟ್ಟಿತೆಂದು ಕೂಡಲೇ ಹೊಲಿಯಲು ಕೂರಬೇಡಿ. ಟರ್ಪೆಂಟೈನ್ ಜಿಡ್ಡನ್ನೆಲ್ಲ ಒಯ್ದು ಲೋಹವನ್ನು ಒಣಗಿಸಿರುತ್ತದೆ. ಪ್ರತಿ ತೂತಿಗೂ ಮಷೀನ್ ಎಣ್ಣೆ ಬಿಟ್ಟು, ಚಕ್ರವನ್ನು ನಿಮ್ಮ ಕಡೆಗೆ ತಿರುಗಿಸುತ್ತ, ಹೊರಬರುವ ಕರಿ ನೀರನ್ನು ಒರೆಸುತ್ತ ಹೋಗಿ. ಎಣ್ಣೆ ತಿಳಿಯಾಗಿ ಬರುವವರೆಗೆ ಬಿಡಬೇಡಿ.

ನನಗೆ ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಅಮ್ಮನಿಗೆ ಫೋನ್ ಹಚ್ಚಿ, ಮಾತಾಡದೆ ಅದನ್ನು ಮಷೀನಿನ ಪಕ್ಕ ಇಟ್ಟು ಪೆಡಲ್ ತುಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: "ಸೂಜಿ ಕಡೆ ಸದ್ದು ಬರ್ಲಿಕ್ಹತ್ತದ. ಇನ್ನೊಂದು ಹನಿ ಎಣ್ಣಿ ಹಾಕು. ಇಷ್ಟು ದಿನ ಸುಳ್ಳು ಹೇಳಿದಿ ಹೌದಿಲ್ಲೋ?"

ಹನಿ ಹಾಕಿದೆ. ಸದ್ದು ನಿಂತಿತು.

ಈ ಭಾನುವಾರ ನೀವೂ ಒಮ್ಮೆ ಮುಚ್ಚಳ ತೆಗೆದು ನೋಡಿ.